ಅಂಟುವಾಳದ ತೂಕ

ನಮ್ಮ ಸೂಪರ್‌ಮಾರ್ಕೆಟ್ಟಿನಲ್ಲಿ ಮುಷ್ಕರ ಮಾಡಬೇಕೇ ಬೇಡವೇ ಎಂದು ಮತ ಹಾಕಿದಾಗ ಎಣಿಸಿದವಳು ನಾನು. ಮಾಡೋಣ ಎನ್ನುವವರಿಗೆ ಅಡಿಕೆ, ಬೇಡ ಎನ್ನುವವರಿಗೆ ಅಂಟುವಾಳ. ಟಿನ್ ಮಗುಚಿದಾಗ ಅಡಿಕೆ ಹನ್ನೊಂದು, ಅಂಟುವಾಳ ಹನ್ನೆರಡು ಇದ್ದವು. ಎಣಿಕೆಯಲ್ಲಿ ತಪ್ಪಿರಲಿಲ್ಲ, ಮೂರು ಸಲ ಎಣಿಸಿದ್ದೆ. ತಪ್ಪು ಬೇರೆ ಕಡೆ ಇತ್ತು.

ನಮ್ಮ ಮಾಲೀಕರಿಗೆ ಮೂರು ಅಂಗಡಿಗಳಿವೆ. ತುಮಕೂರಿನದು ದೊಡ್ಡದು, ಗುಬ್ಬಿಯದೂ ಕುಣಿಗಲ್‌ನದೂ ಚಿಕ್ಕವು. ತುಮಕೂರಿನ ಅಂಗಡಿಯಲ್ಲಿ ನಾನು ಲೂಸ್ ಸೆಕ್ಷನ್ನಿನ ಉಸ್ತುವಾರಿ. ಮೂಟೆಯಲ್ಲಿ ಬಂದ ಬೇಳೆ, ಕಾಳು, ಮಸಾಲೆಗಳನ್ನು ಹಿಂದಿನ ಕೋಣೆಯಲ್ಲಿ ತೂಗಿ ಪ್ಯಾಕ್ ಮಾಡಿಸಬೇಕು. ಹುಳ, ತೇವ, ಕಲಬೆರಕೆ ನೋಡಬೇಕು. ನಾನು ಓದಿದ್ದು ಬಿ.ಎಸ್ಸಿ., ಕೆಮಿಸ್ಟ್ರಿ. ಕಾಲೇಜಿನ ಲ್ಯಾಬಿನಲ್ಲಿ ತಕ್ಕಡಿಯ ಗಾಜಿನ ಬಾಗಿಲು ಮುಚ್ಚಿ, ಉಸಿರು ಬಿಗಿಹಿಡಿದು ತೂಗುವುದನ್ನು ಕಲಿತವಳು ಹದಿಮೂರು ವರ್ಷದಿಂದ ಸಾಸಿವೆ, ಮೆಂತ್ಯ ತೂಗುತ್ತಿದ್ದೇನೆ. ಅಂಗಡಿಯಲ್ಲಿ ಎಲ್ಲರೂ ನನ್ನನ್ನು ಗಂಗಕ್ಕ ಅನ್ನುತ್ತಿದ್ದರು. ಪೂರ್ತಿ ಹೆಸರು ಗಂಗಾಂಬಿಕೆ ಎಂದು ಹಲವರಿಗೆ ಗೊತ್ತೂ ಇರಲಿಲ್ಲ.

ಮುಷ್ಕರದ ಮಾತು ಶುರುವಾದದ್ದು ಒಂದು ಪ್ಲಾಸ್ಟಿಕ್ ಸ್ಟೂಲಿನಿಂದ. ಬಿಲ್ಲಿಂಗ್ ಕೌಂಟರಿನವರು ನಮ್ಮಲ್ಲಿ ಕೂರುವಂತಿಲ್ಲ. ಹಾಗೆಂದು ಎಲ್ಲೂ ಬರೆದಿಲ್ಲ, ಆದರೆ ಕೌಂಟರಿನ ಹಿಂದೆ ಕೂರಲು ಏನೂ ಇಟ್ಟಿಲ್ಲ. ಬೆಳಿಗ್ಗೆ ಒಂಬತ್ತೂವರೆಗೆ ನಿಂತರೆ ಊಟದ ಅರ್ಧ ಗಂಟೆ ಬಿಟ್ಟು ಸಂಜೆ ಪಾಳಿ ಮುಗಿಯುವವರೆಗೂ ನಿಂತೇ ಇರಬೇಕು. "ಗಿರಾಕಿಗಳು ನಿಂತಿರ್ತಾರೆ, ನಾವು ಕೂತ್ಕೊಂಡ್ರೆ ಚೆನ್ನಾಗಿರಲ್ಲ ಕಣ್ರೀ" ಎಂದು ಮ್ಯಾನೇಜರ್ ಉದಯಕುಮಾರ್ ನಗುನಗುತ್ತಲೇ ಹೇಳುತ್ತಿದ್ದರು. ಎರಡನೇ ಕೌಂಟರಿನ ವನಜಾಕ್ಷಿಗೆ ಕಾಲಿನ ನರಗಳು ಗಂಟು ಗಂಟಾಗಿ ಊದಿಕೊಂಡಿದ್ದವು. ನಲವತ್ತೈದು ದಾಟಿದವರು, ನಮಗೆಲ್ಲ ವನಜಕ್ಕ. ಜುಲೈನಲ್ಲಿ ಒಂದು ದಿನ ಅವರು ಮನೆಯಿಂದಲೇ ಒಂದು ನೀಲಿ ಸ್ಟೂಲ್ ತಂದಿಟ್ಟುಕೊಂಡರು. ಮಾರನೆಯ ದಿನ ಅವರು ಬರುವ ಮೊದಲೇ ಮ್ಯಾನೇಜರ್ ಅದನ್ನು ಅಲ್ಲಿಂದ ತೆಗೆಸಿದರು. ತೆಗೆದವನು ಸ್ಟಾಕ್ ಜೋಡಿಸುವ ಅಂಜನ್‌ಕುಮಾರ್. ಅವನು ಅದನ್ನು ಅಂಗಡಿಯ ಮಾಲೆಂದೇ ತಿಳಿದು ಬಾರ್‌ಕೋಡ್ ಅಂಟಿಸಿ ಪ್ಲಾಸ್ಟಿಕ್ ಸಾಮಾನಿನ ಸಾಲಿನಲ್ಲಿ ಇಟ್ಟುಬಿಟ್ಟ. ಮಧ್ಯಾಹ್ನದ ಹೊತ್ತಿಗೆ ಮಾರಾಟವೂ ಆಯಿತು. ಅದನ್ನು ಬಿಲ್ ಮಾಡಿದ್ದು ವನಜಕ್ಕನೇ. ನೂಕುನುಗ್ಗಲಿನಲ್ಲಿ ಸ್ಟಿಕ್ಕರ್ ಮೇಲಷ್ಟೇ ಅವರ ಕಣ್ಣಿತ್ತು.

ಆವತ್ತು ಲೋಡ್ ಇಳಿಸುವ ಜಗುಲಿಯಲ್ಲಿ ಊಟಕ್ಕೆ ಕೂತಾಗ ನಡೆದ ಮಾತು ನನಗೆ ಚೆನ್ನಾಗಿ ನೆನಪಿದೆ.

"ಯೂನಿಯನ್ ಮಾಡ್ಕೊಳ್ದೆ ಇದ್ರೆ ನಾಳೆ ನಮ್ಗೂ ಸ್ಟಿಕ್ಕರ್ ಹಚ್ಚಿ ಮಾರ್ತಾರೆ" ಎಂದರು ವನಜಕ್ಕ.

"ನಿನ್ನ ಯಾರ್ ತಗೊಂತಾರಕ್ಕ, ರಿಟರ್ನ್ ಬರ್ತೀಯ" ಎಂದ ಅಂಜನ್.

"ಮುಚ್ಕೊಂಡು ಅನ್ನ ತಿನ್ಲಾ. ನನ್ ಸ್ಟೂಲ್ ಮಾರ್ದೋನು ನೀನು."

"ತಗ್ದು ಆ ಕಡೆ ಇಡು ಅಂದ್ರು, ಇಟ್ಟೆ. ಬಿಲ್ ಹೊಡ್ದೋರು ಯಾರಕ್ಕ?"

ಎಲ್ಲರೂ ನಕ್ಕರು. ವನಜಕ್ಕನೂ ನಕ್ಕರು, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ನಗದೆ ಇದ್ದವರು ಮಹಾಲಿಂಗಯ್ಯ. ಗೋಡೌನಿಗೆ ಬರುವ ಮಾಲನ್ನು ತಾಳೆ ನೋಡಿ ಇಳಿಸಿಕೊಳ್ಳುವ ಕೆಲಸ ಅವರದು. ಐವತ್ತೇಳು ವರ್ಷ, ನಮ್ಮಲ್ಲೇ ಹಿರಿಯರು. ಮೊದಲು ತುಮಕೂರಿನ ಪಕ್ಕದ ಸತ್ಯಮಂಗಲದ ಒಂದು ಕಾರ್ಖಾನೆಯಲ್ಲಿದ್ದರು. "ನಮ್ದೂ ಯೂನಿಯನ್ ಇತ್ತು ಕಣ್ರವ್ವ. ಎಪ್ಪತ್ತೊಂದು ದಿನ ಗೇಟ್ ಮುಂದೆ ಕೂತಿದ್ವಿ. ಕೂರೋಕೆ ಜಾಗ ಸಿಕ್ತು, ಒಳಗೆ ಹೋಗೋಕೆ ಸಿಗ್ಲಿಲ್ಲ" ಎಂದರು.

"ಅದು ಫ್ಯಾಕ್ಟ್ರಿ ಮಾಲಿಂಗಣ್ಣ, ಇದು ಅಂಗಡಿ" ಎಂದಳು ಶಿಲ್ಪಾ. ಮೊದಲನೇ ಕೌಂಟರಿನ ಹುಡುಗಿ, ಸೇರಿ ಇನ್ನೂ ಎರಡು ವರ್ಷ ಆಗಿರಲಿಲ್ಲ. "ಗೌರಿ ಹಬ್ಬದ ಹಿಂದಿನ ಶನಿವಾರ ಒಂದೇ ಒಂದ್ ದಿನ ಯಾರೂ ಬರ್ದೆ ಇದ್ರೆ ಸಾಕು. ಸ್ಟೂಲ್ ಏನು, ಸೋಫಾನೇ ತರ್ತಾರೆ."

"ತರ್ತಾರೆ ಕಣವ್ವ. ಅದ್ರ ಮೇಲೆ ಬೇರೆಯೋರು ಕೂತಿರ್ತಾರೆ. ಡಿಗ್ರಿ ಮಾಡ್ಕೊಂಡು ಕೆಲ್ಸ ಕೊಡಿ ಅಂತ ಎಷ್ಟ್ ಜನ ನಿಂತವ್ರೆ ಗೊತ್ತಾ ನಿಂಗೆ?"

"ಹಂಗಾದ್ರೆ ಸಾಯೋಗಂಟ ನಾವೂ ನಿಂತೇ ಇರೋಣ್ವಾ?" ಎಂದರು ವನಜಕ್ಕ.

"ನಿಂತಿರು ಅಂದ್ನಾ ನಾನು? ಬರ್ದು ಕೊಡು, ಕೇಳು. ಮುಷ್ಕರ ಅನ್ಬೇಡ."

"ಮೂರು ಸಲ ಬರ್ದು ಕೊಟ್ಟಾಯ್ತು. ನಾಲ್ಕ್ನೇ ಸಲಕ್ಕೆ ಪೆನ್ನು ನೀವೇ ಕೊಡಿ."

ಗುಡಿಸುವ ಹೊಂಬಾಳಮ್ಮ ತಟ್ಟೆ ತೊಳೆಯುತ್ತಲೇ ಹೇಳಿದರು: "ನಂಗೆ ನಿಮ್ ಸ್ಟೂಲೂ ಬ್ಯಾಡ, ಮುಷ್ಕರಾನೂ ಬ್ಯಾಡ. ವಾರಕ್ಕೊಂದ್ ರಜ ಕೊಟ್ರೆ ಕಾಲು ಚಾಚ್ಕೊಂಡು ಮಲಗ್ತೀನಿ. ಅದನ್ಯಾರೂ ಕೇಳಲ್ಲ, ಬುಡಿ."

ಆಗ ನಾನು ಬಾಯಿ ಹಾಕಿದೆ. ಸುಮ್ಮನೆ ಕೂಗಾಡಿದರೆ ಪ್ರಯೋಜನವಿಲ್ಲ, ಅಳತೆ ಬೇಕು ಎಂದೆ. ಟೈಲರ್ ಹತ್ತಿರದಿಂದ ಟೇಪ್ ತಂದು ಆರು ಜನ ಕೌಂಟರಿನವರ ಕಣಕಾಲಿನ ಸುತ್ತಳತೆಯನ್ನು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಹತ್ತು ದಿನ ತೆಗೆದೆ. ಸಂಜೆಗೆ ಸರಾಸರಿ ಒಂದೂವರೆ ಸೆಂಟಿಮೀಟರ್ ಹೆಚ್ಚು. ವನಜಕ್ಕನದು ಎರಡೂಕಾಲು. ಅದನ್ನು ಗ್ರಾಫ್ ಹಾಳೆಯಲ್ಲಿ ಗೆರೆ ಎಳೆದು ಜಗುಲಿಯ ಗೋಡೆಗೆ ಒತ್ತಿ ಹಿಡಿದು ವಿವರಿಸಿದೆ. ನಿಂತಾಗ ಕಾಲಿನ ರಕ್ತ ಮೇಲಕ್ಕೆ ಹೋಗಲು ಎಷ್ಟು ಕಷ್ಟಪಡುತ್ತದೆ ಎಂದು ಹೇಳಿದೆ. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ, ಒಂದು ದಿನದ ಮುಷ್ಕರ ನ್ಯಾಯವಾದದ್ದೇ ಎಂದೂ ಹೇಳಿದೆ. ವನಜಕ್ಕ ನನ್ನ ಕೆನ್ನೆ ಸವರಿ, "ಓದಿದೋಳು ಅಂದ್ರೆ ಹಿಂಗಿರ್ಬೇಕು ಕಣೇ" ಎಂದರು. ಕುಣಿಗಲ್ ಅಂಗಡಿಯವರಿಗೂ ಆ ಗ್ರಾಫಿನ ಫೋಟೋ ಹೋಯಿತು. ನೀವು ಮಾಡಿದರೆ ನಾವೂ ಮಾಡುತ್ತೇವೆ ಎಂದು ಅಲ್ಲಿಂದ ಉತ್ತರ ಬಂತು.

ಅದಾದ ಮೇಲೆ ಒಂದು ದಿನ ಉದಯಕುಮಾರ್ ನನ್ನನ್ನು ಕ್ಯಾಬಿನ್ನಿಗೆ ಕರೆದರು. ಮಾಲೀಕರು ಸತ್ಯಮಂಗಲದಲ್ಲಿ ಹೊಸ ಗೋಡೌನ್ ಮಾಡುತ್ತಿದ್ದಾರೆ, ಮೂರೂ ಅಂಗಡಿಗೆ ಅಲ್ಲಿಂದಲೇ ಮಾಲು ಹೋಗುತ್ತದೆ, ಅಲ್ಲಿಗೆ ಗುಣಮಟ್ಟ ನೋಡುವವರು ಬೇಕು ಎಂದರು. ಒಂದು ಚಿಕ್ಕ ಲ್ಯಾಬ್, ತೇವಾಂಶ ಅಳೆಯುವ ಯಂತ್ರ, ನನಗೊಂದು ಮೇಜು. "ನಿಮ್ಮ ಹೆಸರು ಹೇಳಿದೀನಿ. ಹೊರಗಡೆ ಏನೇನೋ ಗಲಾಟೆ ಅಂತೆ. ಅದ್ರಲ್ಲಿ ನೀವಿಲ್ಲ ಅಂದ್ಕೊಂಡಿದೀನಿ" ಎಂದರು. ನಾನು ಇದ್ದೇನೆ ಎನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ಯಂತ್ರ ಯಾವ ಕಂಪನಿಯದು ಎಂದು ಕೇಳಿದೆ.

ಮತ ಹಾಕಿಯೇ ತೀರ್ಮಾನಿಸಬೇಕೆಂದು ಹಟ ಹಿಡಿದವರು ಮಹಾಲಿಂಗಯ್ಯ. "ಕೈ ಎತ್ಸಬೇಡಿ. ಕೈ ಎತ್ಸಿದ್ರೆ ಮುಖ ನೋಡಿ ಎತ್ತಾರೆ. ಗುಟ್ಟಾಗಿ ಆಗ್ಲಿ. ಯಾರ್ ಏನ್ ಹಾಕುದ್ರು ಅಂತ ದೇವ್ರಿಗೂ ಗೊತ್ತಾಗ್ಬಾರ್ದು" ಎಂದರು. ಚೀಟಿ ಆಗುವುದಿಲ್ಲ ಎಂದೆ ನಾನು. ರೇಟ್ ಕಾರ್ಡು, ಸ್ಟಾಕ್ ಚೀಟಿ ಬರೆದು ಬರೆದು ಎಲ್ಲರ ಅಕ್ಷರವೂ ಎಲ್ಲರಿಗೂ ಗೊತ್ತು. ಹೊಂಬಾಳಮ್ಮನಂಥ ಇಬ್ಬರಿಗೆ ಬರೆಯಲು ಬಾರದು. ಅದಕ್ಕೇ ಅಡಿಕೆ, ಅಂಟುವಾಳ. ನನ್ನದೇ ಉಪಾಯ.

ತುಪ್ಪದ ಖಾಲಿ ಟಿನ್ ತೊಳೆದು ಒಣಗಿಸಿದೆ. ಬಿದ್ದಾಗ ಸದ್ದಿನಲ್ಲಿ ವ್ಯತ್ಯಾಸ ಗೊತ್ತಾಗಬಾರದೆಂದು ತಳಕ್ಕೆ ದಪ್ಪ ಬಟ್ಟೆ ಹಾಸಿದೆ. ಒಳಗೆ ಯಾರೂ ಇಣುಕದಂತೆ ಬಾಯಿಗೆ ಹಳೆಯ ಅಂಗಿಯ ತೋಳು ಕಟ್ಟಿದೆ. ಒಬ್ಬೊಬ್ಬರೇ ಪ್ಯಾಕಿಂಗ್ ಕೋಣೆಗೆ ಹೋಗಬೇಕು, ಅಲ್ಲಿ ಕ್ಯಾಮೆರಾ ಇಲ್ಲ. ಒಂದೊಂದು ಮುಷ್ಟಿಯಲ್ಲಿ ಒಂದೊಂದು ಹಿಡಿದು, ಬೇಕಾದ್ದನ್ನು ತೋಳಿನೊಳಗೆ ಬಿಟ್ಟು, ಇನ್ನೊಂದನ್ನು ಪಕ್ಕದ ಚೀಲಕ್ಕೆ ಹಾಕಿ ಬರಬೇಕು. ನಾನು ಬಾಗಿಲಲ್ಲಿ ಬೆನ್ನು ಹಾಕಿ ನಿಂತಿರುತ್ತೇನೆ. ಒಬ್ಬರು ಹೋದ ಮೇಲೆ ಒಳಗೆ ಹೋಗಿ ನೆಲದ ಮೇಲೆ ಏನಾದರೂ ಬಿದ್ದಿದೆಯೇ ನೋಡಿ ಮುಂದಿನವರನ್ನು ಬಿಡುತ್ತೇನೆ. ಏನೂ ಬಿಟ್ಟುಹೋಗದಂತೆ ಯೋಚಿಸಿದ್ದೇನೆ ಎಂದು ನನಗೆ ಹೆಮ್ಮೆಯೂ ಆಗಿತ್ತು.

ಟಿನ್ ಅನ್ನು ಮೇಜಿನ ಮೇಲಿಟ್ಟೆ ಎಂದುಕೊಂಡಿದ್ದೆ. ಇಟ್ಟಿದ್ದು ತಕ್ಕಡಿಯ ಮೇಲೆ. ಹದಿಮೂರು ವರ್ಷದಿಂದ ಆ ಕೋಣೆಯಲ್ಲಿ ಯಾವ ಪಾತ್ರೆ ಹಿಡಿದರೂ ನನ್ನ ಕೈ ಹೋಗುವುದು ತಕ್ಕಡಿಗೇ. ಇಟ್ಟ ಕೂಡಲೇ ಬೆರಳು ಟೇರ್ ಬಟನ್ ಒತ್ತುತ್ತದೆ. ಒತ್ತಿದರೆ ಪಾತ್ರೆಯ ತೂಕ ಕಳೆದು ಸೊನ್ನೆ ತೋರಿಸುತ್ತದೆ. ಆವತ್ತೂ ಒತ್ತಿದ್ದೆ, ನನಗೇ ತಿಳಿಯದೆ. ಮಸಾಲೆ ಪ್ಯಾಕ್ ಮಾಡುವ ತಕ್ಕಡಿ ಅದು, ಒಂದು ಗ್ರಾಂವರೆಗೆ ತೋರಿಸುತ್ತದೆ. ಅಂಕಿ ಕಾಣುವುದು ಗೋಡೆಯ ಬದಿಯಿಂದ. ಮತ ಹಾಕುವವರು ಈಚೆ ಬದಿಯಿಂದ ಬರುತ್ತಿದ್ದರು.

ಮೊದಲು ಅಂಜನ್ ಹೋಗಿ ಬಂದ. ನೆಲ ನೋಡಲು ಬಗ್ಗಿ ಎದ್ದಾಗ ಹಸಿರು ಅಂಕಿ ಕಣ್ಣಿಗೆ ಬಿತ್ತು. ಎಂಟು. ಗೋಟಡಿಕೆ ಒಂದು ಏಳರಿಂದ ಹತ್ತು ಗ್ರಾಂ ತೂಗುತ್ತದೆ. ಒಣಗಿದ ಅಂಟುವಾಳ ಎರಡು, ಹೆಚ್ಚೆಂದರೆ ಮೂರು. ಎರಡರ ನಡುವೆ ಅನುಮಾನಕ್ಕೆ ಜಾಗವೇ ಇಲ್ಲ.

ಟಿನ್ ಎತ್ತಿ ಪಕ್ಕಕ್ಕಿಡಲು ಎರಡು ಸೆಕೆಂಡ್ ಸಾಕಿತ್ತು. ಎತ್ತಬೇಕು ಎಂದುಕೊಂಡೆ. ಅಷ್ಟರಲ್ಲಿ ಹೊಂಬಾಳಮ್ಮ ಬಾಗಿಲಿಗೆ ಬಂದಿದ್ದರು. ಅವರು ಹೋದ ಮೇಲೆ ನೋಡಿದರೆ ಹತ್ತು. ಎರಡು ಗ್ರಾಂ. ನಿರೀಕ್ಷಿಸಿದ್ದೇ. ಮೂರನೆಯವಳು ಶಿಲ್ಪಾ. ಅವಳು ಹೊರಬಂದು ನನಗೆ ಹೆಬ್ಬೆರಳು ತೋರಿಸಿ ನಕ್ಕು ಹೋದಳು. ಒಳಗೆ ಹೋದರೆ ಹದಿಮೂರು. ಮೂರು ಗ್ರಾಂ. ಸೋಫಾನೇ ತರ್ತಾರೆ ಎಂದವಳು ಅಂಟುವಾಳ ಹಾಕಿದ್ದಳು.

ಆಮೇಲೆ ಟಿನ್ ಎತ್ತುವ ಯೋಚನೆ ಬರಲಿಲ್ಲ. ನೋಡುವುದಷ್ಟೇ, ಯಾರಿಗೂ ಹೇಳುವುದಿಲ್ಲವಲ್ಲ ಎಂದು ಸಮಾಧಾನ ಹೇಳಿಕೊಂಡೆ. ಬಾಗಿಲಲ್ಲಿ ಬೆನ್ನು ಹಾಕಿಯೇ ನಿಂತಿದ್ದೆ. ಕೊಟ್ಟ ಮಾತಿನಲ್ಲಿ ಅಷ್ಟನ್ನು ಮಾತ್ರ ಉಳಿಸಿಕೊಂಡೆ.

ಮಹಾಲಿಂಗಯ್ಯ ಹನ್ನೊಂದನೆಯವರೋ ಹನ್ನೆರಡನೆಯವರೋ ಆಗಿ ಬಂದರು. ಬೇರೆಯವರು ಅರ್ಧ ನಿಮಿಷದಲ್ಲಿ ಹೊರಬಂದರೆ ಅವರಿಗೆ ನಾಲ್ಕು ನಿಮಿಷ ಬೇಕಾಯಿತು. ಹೊರಬಂದು ನೇರ ಗೋಡೌನಿಗೆ ಹೋದರು. ಅಂಕಿ ಒಂಬತ್ತು ಹೆಚ್ಚಾಗಿತ್ತು. ನಂಬಲಾಗದೆ ಅಲ್ಲೇ ನಿಂತೆ. ಇಷ್ಟು ದಿನ ಮುಷ್ಕರ ಬೇಡ ಬೇಡ ಎಂದವರು ಅಡಿಕೆ ಹಾಕಿದ್ದರು.

ಕೊನೆಯವಳು ನಾನು. ಅಷ್ಟು ಹೊತ್ತಿಗೆ ಇಪ್ಪತ್ತೆರಡು ಮತ ಬಿದ್ದಿದ್ದವು. ಒಂದೊಂದು ಏರಿಕೆಯನ್ನೂ ನಾನು ಲೆಕ್ಕವಿಟ್ಟುಕೊಂಡಿದ್ದೆ. ಹನ್ನೊಂದು, ಹನ್ನೊಂದು. ಎರಡು ಮುಷ್ಟಿ ಕಟ್ಟಿ ನಿಂತಾಗ ಮುಷ್ಕರ ಆಗುವುದೂ ಆಗದಿರುವುದೂ ನನ್ನ ಕೈಯಲ್ಲಿದೆ ಎಂದು ನನಗೆ ಗೊತ್ತಿತ್ತು. ಉಳಿದ ಯಾರಿಗೂ ಹಾಗೆ ಗೊತ್ತಿದ್ದು ಮತ ಹಾಕುವ ಅವಕಾಶ ಇರಲಿಲ್ಲ. ಸರಿಸಮ ಒಡೆದಿರುವಾಗ ಮುಷ್ಕರ ಮಾಡುವುದು ಸರಿಯಲ್ಲ ಎಂದುಕೊಂಡೆ. ಮಹಾಲಿಂಗಯ್ಯ ಹೇಳಿದಂತೆ ಇನ್ನೊಮ್ಮೆ ಬರೆದು ಕೊಡಬಹುದು ಎಂದುಕೊಂಡೆ. ಇಂಥ ಕಾರಣಗಳು ಎಷ್ಟು ಬೇಗ, ಎಷ್ಟು ಓರಣವಾಗಿ ಬರುತ್ತವೆ! ಸತ್ಯಮಂಗಲದ ಮೇಜು ಮಾತ್ರ ನೆನಪಿಗೆ ಬಾರದ ಹಾಗೆ ನೋಡಿಕೊಂಡೆ. ಅಂಟುವಾಳ ಬಿಟ್ಟೆ. ಅಂಕಿ ಎರಡು ಏರಿತು.

ಜಗುಲಿಯ ಮೇಲೆ ಎಲ್ಲರೆದುರು ಟಿನ್ ಮಗುಚಿ ಎಣಿಸಿದೆ. ವನಜಕ್ಕ ಅಡಿಕೆಗಳನ್ನು ತಾವೂ ಒಮ್ಮೆ ಎಣಿಸಿದರು. "ಒಂದು. ಒಂದೇ ಒಂದು" ಎಂದರು. ಆಮೇಲೆ ತಲೆಯೆತ್ತಿ ಮಹಾಲಿಂಗಯ್ಯನವರನ್ನು ನೋಡಿದರು. ಅವರು ನೋಡಿದ ಕಡೆಗೇ ಎಲ್ಲರೂ ನೋಡಿದರು. ನಾನೂ ನೋಡಿದೆ.

ಅವರು ಅಂಗವಸ್ತ್ರ ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದು ಹೋದರು.

ಹಬ್ಬದ ಶನಿವಾರ ಎಲ್ಲರೂ ಕೆಲಸಕ್ಕೆ ಬಂದೆವು. ಕುಣಿಗಲ್‌ನವರು ಫೋನ್ ಮಾಡಿ ವನಜಕ್ಕನಿಗೆ ಬೈದರು. ಸೋಮವಾರ ಊಟದ ಹೊತ್ತಿಗೆ ಮಹಾಲಿಂಗಯ್ಯ ಏಪ್ರನ್ನಿನ ಜೇಬಿಗೆ ಕೈ ಹಾಕಿದರೆ ಒಂದು ಅಂಟುವಾಳ ಸಿಕ್ಕಿತು. ತೆಗೆದು ಪಕ್ಕಕ್ಕಿಟ್ಟರು. ಮಾರನೆಯ ದಿನ ಎರಡು. "ಅಂಟುವಾಳ ಹಾಕಿ ಮೈ ಚೆನ್ನಾಗಿ ಉಜ್ಕಳಿ ಮಾಲಿಂಗಣ್ಣ, ಮ್ಯಾನೇಜರ್ ವಾಸ್ನೆ ಹೊಡೀತೈತೆ" ಎಂದಳು ಶಿಲ್ಪಾ. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳೂ ಅವಳೇ. ಅಂಜನ್ ಲೋಡ್ ಇಳಿಸುವಾಗ ಅವರಿಗೆ ಕೈ ಕೊಡುವುದನ್ನು ಬಿಟ್ಟ. ಐವತ್ತು ಕೆಜಿ ಸಕ್ಕರೆ ಮೂಟೆಯನ್ನು ಅವರೊಬ್ಬರೇ ದರದರ ಎಳೆಯುತ್ತಿದ್ದರು. ಯಾರೂ ಪಕ್ಕದಲ್ಲಿ ಊಟಕ್ಕೆ ಕೂರುತ್ತಿರಲಿಲ್ಲ.

ನಾನು ಕೂತೆ. ಇದನ್ನು ಹೇಳುವುದು ಎಲ್ಲಕ್ಕಿಂತ ಕಷ್ಟ. ಒಂದು ವಾರ ಅವರ ಪಕ್ಕ ಕೂತು, ನನ್ನ ಡಬ್ಬಿಯ ಪಲ್ಯ ಅವರ ತಟ್ಟೆಗೆ ಹಾಕಿ ಊಟ ಮಾಡಿದೆ. ಅವರು ನುಗ್ಗೇಕಾಯಿ ಸಾರು ಕೊಟ್ಟರು. "ಗಂಗಂದು ದೊಡ್ಡ ಮನ್ಸು ಕಣ್ರೇ, ಅಡಿಕೆ ಹಾಕ್ದೋಳಾದ್ರೂ ಆವಯ್ಯನ ಬಿಟ್ಟುಕೊಡ್ಲಿಲ್ಲ" ಎಂದು ವನಜಕ್ಕ ಯಾರಿಗೋ ಹೇಳಿದ್ದು ಕೇಳಿಸಿತು. ಕೇಳಿಸಿದಾಗ ಹಿತವಾಯಿತು. ಆ ಹಿತ ಎಷ್ಟು ಹೊತ್ತು ಇತ್ತೆಂದರೆ, ಆವತ್ತು ಸಂಜೆ ಮನೆಗೆ ಹೋಗುವವರೆಗೂ ಇತ್ತು.

ಅಕ್ಟೋಬರಿನಲ್ಲಿ ಮಹಾಲಿಂಗಯ್ಯ ತಾವೇ ಕೇಳಿ ಗುಬ್ಬಿಯ ಅಂಗಡಿಗೆ ವರ್ಗ ಮಾಡಿಸಿಕೊಂಡರು. ಮನೆ ತುಮಕೂರಿನಲ್ಲೇ. ಬೆಳಿಗ್ಗೆ ಬೇಗ ಎದ್ದು ಬಸ್ಸಿಗೆ ಓಡಬೇಕು. ನವೆಂಬರಿನಲ್ಲಿ ನನಗೆ ಆರ್ಡರ್ ಬಂತು, ಮುಂದಿನ ತಿಂಗಳು ಒಂದನೇ ತಾರೀಕಿನಿಂದ ಸತ್ಯಮಂಗಲದ ಗೋಡೌನ್. ಆರ್ಡರ್ ಕೈಗೆ ಬಂದ ವಾರವೇ, ಒಂದು ದಿನ ರಜೆ ಹಾಕಿ, ಗುಬ್ಬಿಗೆ ಹೋದೆ.

ಅವರು ಅಂಗಡಿಯ ಹಿಂದೆ ಈರುಳ್ಳಿ ಆರಿಸುತ್ತಿದ್ದರು. ನನ್ನನ್ನು ನೋಡಿ ಖುಷಿಯಿಂದಲೇ ಎದ್ದರು. "ಏನ್ ತಾಯಿ, ಈ ಕಡೆ? ಚನ್ನಬಸವೇಶ್ವರನ ಗುಡಿಗೆ ಬಂದಿದ್ಯಾ?" ಎಂದು ಕೇಳಿ ಪಕ್ಕದ ಅಂಗಡಿಯಿಂದ ಟೀ ತರಿಸಿದರು. ಖಾಲಿ ಕ್ರೇಟ್ ಬೋರಲು ಹಾಕಿ ಕೂತೆವು. ನಾನು ಎಲ್ಲ ಹೇಳಿದೆ. ತಕ್ಕಡಿ, ಎಂಟು, ಹತ್ತು, ಹದಿಮೂರು, ಅವರ ಒಂಬತ್ತು, ನನ್ನ ಎರಡು.

ನಾನು ಅಂಟುವಾಳ ಹಾಕಿದೆ ಎಂದಾಗ ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ. ಬದಲಾಗಿದ್ದು ತಕ್ಕಡಿಯ ಮಾತು ಬಂದಾಗ.

"ನೋಡಿದ್ಯಾ?" ಎಂದರು. "ಎಲ್ರುದೂ?"

"ಹೂಂ."

"ದೇವ್ರಿಗೂ ಗೊತ್ತಾಗ್ಬಾರ್ದು ಅಂದಿದ್ದೆ ಕಣಮ್ಮ ನಾನು." ಟೀ ಲೋಟ ಕೆಳಗಿಟ್ಟರು. ಆಮೇಲೆ ಅದನ್ನು ಮುಟ್ಟಲಿಲ್ಲ.

"ನೀವ್ಯಾಕೆ ಬಾಯಿ ಬಿಡ್ಲಿಲ್ಲ? ನಂದು ಅಡಿಕೆ ಅಂತ ಒಂದು ಮಾತು ಹೇಳ್ಬೋದಿತ್ತು."

"ಹೇಳಿದ್ರೆ, ಹಂಗಾದ್ರೆ ಇನ್ಯಾರು ಅಂತ ಶುರು ಮಾಡ್ತಿದ್ರು. ನಮ್ಮ ಫ್ಯಾಕ್ಟ್ರಿ ಮುಷ್ಕರ ಮುರ್ದಿದ್ದು ಮಾಲೀಕ ಅಂದ್ಕೊಂಡಿದ್ಯಾ? ಒಳಗಿಂದ ಯಾರೋ ಸುದ್ದಿ ಕೊಡ್ತವ್ರೆ ಅಂತ ಮಾತು ಎದ್ದಿತು. ಶಿವರಾಮಯ್ಯ ಅಂತ ಒಬ್ಬ, ಅವನ ಮೇಲೆ ಹಾಕಿದ್ವಿ. ಅವನು ಸಿದ್ಧಲಿಂಗೇಶ್ವರನ ಮೇಲೆ ಆಣೆ ಮಾಡಿ ನಾನಲ್ಲ ಅಂದ. ನಂಬಿದ್ವಿ. ಅವನಲ್ಲ ಅಂದ್ರೆ ಇನ್ನೊಬ್ಬ, ಅವನೂ ಅಲ್ಲ ಅಂದ್ರೆ ಮತ್ತೊಬ್ಬ. ಕೊನೆಗೆ ಶಾಮಿಯಾನದ ಕೆಳಗೆ ಇಬ್ರು ಒಟ್ಟಿಗೆ ಕೂರ್ತಿರ್ಲಿಲ್ಲ. ನನ್ ಮೇಲೆ ಬಂದದ್ದು ನನ್ ಹತ್ರಾನೇ ನಿಂತ್ರೆ ಇವ್ರು ಮತ್ತೊಂದ್ಸಲ ಸೇರಬೋದು ಅಂದ್ಕೊಂಡೆ."

"ಬೇಡ ಬೇಡ ಅಂತ ಅಷ್ಟು ವಾದ ಮಾಡಿ ಅಡಿಕೆ ಯಾಕೆ ಹಾಕಿದ್ರಿ?"

"ಕಷ್ಟ ಕಂಡೋನು ಕಷ್ಟ ಹೇಳ್ಬೇಕಲ್ವಾ? ಹೇಳ್ದೆ. ಹೇಳಿದ್ ಮೇಲೂ ಅವ್ರು ಹೋಗ್ತೀವಿ ಅಂದ್ರೆ, ಅವ್ರನ್ನ ಕಳ್ಸಿ ನಾನು ಒಳಗೆ ಕೂತ್ಕೊಳ್ಳೋದಾ?"

ನಾನು ಎಲ್ಲರಿಗೂ ನಿಜ ಹೇಳುತ್ತೇನೆ ಎಂದೆ.

"ಯಾರಿಗೋಸ್ಕರ?"

"ನಿಮಗೋಸ್ಕರ."

"ನಂಗೆ ಬೇಡ. ನನ್ ಹೆಸರು ತೊಳೆಯೋಕೆ ಹೋಗಿ ಮಿಕ್ಕೋರ್ನೆಲ್ಲ ಹೆದರಿಸ್ಬೇಡ. ನಿನ್ ಮನ್ಸು ಹಗುರ ಮಾಡ್ಕೊಳ್ಳೋಕೆ ಬೇರೆ ದಾರಿ ನೋಡ್ಕೊ, ತಾಯಿ." ಎದ್ದು ಈರುಳ್ಳಿ ಬುಟ್ಟಿಯ ಕಡೆ ನಡೆದರು. "ಊಟ ಒಬ್ನೇ ಮಾಡಿ ರೂಢಿ ಆಗೋಗೈತೆ ನಂಗೆ" ಎಂದು ನಗಲು ನೋಡಿದರು.

ಆಗ ಅವರ ಏಪ್ರನ್ ಕಂಡಿತು. ಎರಡೂ ಜೇಬುಗಳ ಬಾಯನ್ನು ಕಪ್ಪು ದಾರದಿಂದ ಹೊಲಿದು ಮುಚ್ಚಿಕೊಂಡಿದ್ದರು. ಗುಬ್ಬಿಯ ಅಂಗಡಿಯಲ್ಲಿ ಯಾರಿಗೂ ಅಂಟುವಾಳದ ವಿಷಯ ಗೊತ್ತಿರಲಿಲ್ಲ. ಆದರೂ ಹೊಲಿದುಕೊಂಡಿದ್ದರು.

ಬೇಡ ಎಂದ ಅವರ ಮಾತು ಕೇಳಬೇಕೇ, ಆ ಹೊಲಿಗೆಯ ಮಾತು ಕೇಳಬೇಕೇ ಎಂದು ಬಸ್ಸಿನುದ್ದಕ್ಕೂ ಯೋಚಿಸಿದೆ. ಮಾರನೆಯ ದಿನ ಅಂಗಡಿ ತೆರೆಯುವ ಮುಂಚೆ, ಎಲ್ಲರೂ ಜಗುಲಿಯಲ್ಲಿ ಏಪ್ರನ್ ಕಟ್ಟಿಕೊಳ್ಳುತ್ತಿರುವಾಗ ಹೇಳಿಬಿಟ್ಟೆ. ಮಾಲಿಂಗಣ್ಣ ಹಾಕಿದ್ದು ಅಡಿಕೆ, ಅಂಟುವಾಳ ಹಾಕಿದವಳು ನಾನು, ಹನ್ನೊಂದು ಹನ್ನೊಂದು ಎಂದು ಗೊತ್ತಿದ್ದೇ ಹಾಕಿದೆ.

ಯಾರೂ ನಂಬಲಿಲ್ಲ. ತಕ್ಕಡಿಯ ವಿಷಯ ಬಿಡಿಸಿ ಹೇಳಬೇಕಾಯಿತು. ಅರ್ಥವಾಗಲು ಅವರಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ, ದಿನಾ ತೂಗುವವರೇ ಎಲ್ಲರೂ. ಅಂಜನ್ ತಲೆ ತಗ್ಗಿಸಿ, "ಆವಯ್ಯ ಒಬ್ನೇ ಮೂಟೆ ಎಳೀತಿದ್ದ ಕಣ್ರೋ" ಎಂದ. ಅದೊಂದೇ ಮಾತು. ಆಮೇಲೆ ಯಾರೋ ಹಿಂದಿನಿಂದ ಕೇಳಿದರು: "ಹಂಗಾದ್ರೆ ನಮ್ದೂ ನೋಡಿದೀರಾ?"

ನಾನು ಏಪ್ರನ್ನಿನ ದಾರ ಬಿಗಿಯತೊಡಗಿದೆ. ಅದೇ ಉತ್ತರವಾಯಿತು. ಕೌಂಟರಿನ ಹುಡುಗಿಯರು ಒಬ್ಬರನ್ನೊಬ್ಬರು ನೋಡಿಕೊಂಡರು. ಆಮೇಲೆ ನೋಡಿಕೊಳ್ಳುವುದನ್ನು ನಿಲ್ಲಿಸಿದರು.

"ಇನ್ನು ಹನ್ನೊಂದು ಅಂಟುವಾಳ ಯಾರ್ದು?" ಎಂದರು ವನಜಕ್ಕ.

"ಮಾಲಿಂಗಣ್ಣಂದು ಹೇಳ್ದೆ, ನಂದು ಹೇಳ್ದೆ. ಇನ್ಯಾರ್ದೂ ಹೇಳಲ್ಲ ಅಕ್ಕ."

"ಹೇಳಲ್ಲ ಅಂದ್ರೆ ಗೊತ್ತು ಅಂತ." ವನಜಕ್ಕನ ಧ್ವನಿ ಏರಲಿಲ್ಲ. "ಮೂರು ತಿಂಗ್ಳು ಸುಮ್ನಿದ್ಯಲ್ಲ. ಆರ್ಡರ್ ಕೈಗ್ ಬಂದ್ಮೇಲೆ ಹೇಳ್ತಿದೀಯ. ಇಲ್ಲೇ ನಮ್ ಜೊತೆ ಇರೋ ಹಂಗಿದ್ದಿದ್ರೆ ಹೇಳ್ತಿದ್ಯಾ?"

ಹೇಳುತ್ತಿರಲಿಲ್ಲ ಎನ್ನುವುದು ಅವರು ಕೇಳಿದ ಮೇಲೆಯೇ ನನಗೆ ತಿಳಿಯಿತು. ಗುಬ್ಬಿಯ ಬಸ್ ಹತ್ತುವಾಗ ಬಂದ ಧೈರ್ಯ ಎಲ್ಲಿಂದ ಬಂತೆಂದು ನಾನು ಕೇಳಿಕೊಂಡಿರಲಿಲ್ಲ.

ಆ ಭಾನುವಾರ ವನಜಕ್ಕ, ಅಂಜನ್ ಇಬ್ಬರೂ ಅರ್ಧ ದಿನ ರಜೆ ಹಾಕಿ ಗುಬ್ಬಿಗೆ ಹೋಗಿ ಬಂದರಂತೆ. ಏನು ಮಾತಾಯಿತು ಎಂದು ನನಗೆ ಹೇಳಲಿಲ್ಲ, ಕೇಳಲು ನನಗೆ ಬಾಯಿ ಬರಲಿಲ್ಲ. ಮಹಾಲಿಂಗಯ್ಯ ವಾಪಸು ಬರಲು ಒಪ್ಪಲಿಲ್ಲ ಎಂದು ಹೊಂಬಾಳಮ್ಮನಿಂದ ತಿಳಿಯಿತು. ಯೂನಿಯನ್ ಮಾತನ್ನು ಜಗುಲಿಯಲ್ಲಿ ಯಾರೂ ಎತ್ತುತ್ತಿಲ್ಲ. ಊಟಕ್ಕೆ ಇಬ್ಬಿಬ್ಬರಾಗಿ ಕೂರುತ್ತಾರೆ.

ಉಳಿದ ದಿನಗಳಲ್ಲಿ ಅವರು ಒಬ್ಬೊಬ್ಬರೇ ಪ್ಯಾಕಿಂಗ್ ಕೋಣೆಗೆ ಬಂದರು. ಏನೋ ನೆಪ ಮಾಡಿಕೊಂಡು, ಸ್ಟಿಕ್ಕರ್ ರೋಲ್ ಇದೆಯಾ, ಕತ್ತರಿ ಇದೆಯಾ ಎಂದು. ಹೋಗುವಾಗ, ನಂದು ಯಾರಿಗೂ ಹೇಳ್ಬೇಡಿ ಎನ್ನುತ್ತಿದ್ದರು. ಅಂಟುವಾಳ ಹಾಕಿದವರು ವನಜಕ್ಕನಿಗೆ ಹೆದರಿ ಬಂದರು. ಅಡಿಕೆ ಹಾಕಿದ ಮೂವರು ಉದಯಕುಮಾರ್‌ಗೆ ಹೆದರಿ ಬಂದರು. ನಾನೀಗ ಆ ಕಡೆಯವಳಾಗುತ್ತಿದ್ದೇನಲ್ಲ.

ಕೊನೆಯ ದಿನ ನಾಲ್ಕು ಗಂಟೆಗೆ ಶಿಲ್ಪಾ ಬಂದಳು. ನೆಪವೇನೂ ತರಲಿಲ್ಲ. ಮೇಜಿನ ಈಚೆ ಬದಿ ನಿಂತು ತಕ್ಕಡಿಯನ್ನೇ ನೋಡುತ್ತಿದ್ದಳು. ಕಣ್ಣು ಕೆಂಪಾಗಿದ್ದವು.

"ಮತ ಹಾಕೋ ಮುಂಚೆ ಅಮ್ಮನ್ನ ಕೇಳ್ದೆ. ಕೆಲ್ಸ ಹೋದ್ರೆ ಮದ್ವೆ ಮಾಡ್ಬಿಡ್ತೀವಿ ಅಂದ್ರು" ಎಂದಳು. ಆಮೇಲೆ, "ಮಾಲಿಂಗಣ್ಣನ ಜೇಬಲ್ಲಿ ಅಂಟುವಾಳ ಹಾಕ್ತಿದ್ದೋಳು ನಾನೇ" ಎಂದಳು.

ಅದೂ ನನಗೆ ಗೊತ್ತಿತ್ತು. "ನೀನೇನ್ ಹಾಕ್ದೆ ಅನ್ನೋದು ನಂಗೆ ಜ್ಞಾಪಕ ಇಲ್ಲ ಶಿಲ್ಪಾ" ಎಂದೆ. "ಇಪ್ಪತ್ಮೂರು ಜನ. ಎಲ್ಲಾರ್ದೂ ಎಲ್ಲಿ ಜ್ಞಾಪಕ ಇರ್ತೈತೆ?"

ಅವಳು ನನ್ನ ಮುಖ ನೋಡಿದಳು. ನನ್ನ ಮಾತು ಸುಳ್ಳೆಂದು ಅವಳಿಗೆ ಗೊತ್ತಾಯಿತು. ಗೊತ್ತಾಗಿದೆ ಎಂದು ನನಗೂ ಗೊತ್ತಾಯಿತು. ದುಪಟ್ಟಾದಿಂದ ಮುಖ ಒರೆಸಿಕೊಂಡು, ಮೊದಲು ಗಂಗಕ್ಕ, ಗಂಗಕ್ಕ ಎಂದು ಹಿಂದೆ ಸುತ್ತುತ್ತಿದ್ದವಳು, ಬಾಗಿಲ ಕಡೆ ಎರಡು ಹೆಜ್ಜೆ ಹಿಂದೆ ಸರಿದು, "ಥ್ಯಾಂಕ್ಸ್ ಮೇಡಂ" ಎಂದಳು.